ಕಳ್ಳ ಯಾರು ಅಂತ ಮೊದಲೇ ಗೊತ್ತಿದ್ದರೂ ಪರವಾಗಿಲ್ಲ

ಮಗಳಿಗೆ ಆರು ವರ್ಷ, ಮಗನಿಗೆ ಇನ್ನೇನು ನಾಲ್ಕು ತುಂಬುತ್ತೆ. ಇಬ್ಬರಿಗೂ ಪತ್ತೇದಾರಿ ಕಾರ್ಟೂನ್ ಅಂದ್ರೆ ಪ್ರಾಣ. ಅವರು ನೋಡುವಾಗ ರಿಮೋಟ್ ಹಿಡಿದು ನಾನೂ ಜೊತೆಗೆ ಕೂರುತ್ತೇನೆ.

ನೋಡಿದ್ದನ್ನೇ ಮತ್ತೆ ಹಾಕು ಅಂತ ಚಿಕ್ಕವನದು ದಿನಾ ಹಟ. ನಮಗೆ ಬೇಜಾರು, ಕಳ್ಳ ಸಿಕ್ಕಾಯ್ತಲ್ಲ, ಇನ್ನೇನಿದೆ ಅನ್ನಿಸುತ್ತೆ. ಆದರೆ ಈ ವಯಸ್ಸಿನಲ್ಲಿ ಮೊದಲ ಸಲ ನೋಡುವುದೆಲ್ಲ ಓಟ, ಗದ್ದಲಕ್ಕೇ ಸರಿಹೋಗುತ್ತೆ. ಸುಳಿವು ಕಣ್ಣಿಗೆ ಬೀಳುವುದು ಆಮೇಲೆ. 1996ರಲ್ಲಿ ಅಮೆರಿಕದಲ್ಲಿ ಶುರುವಾದ ‘ಬ್ಲೂಸ್ ಕ್ಲೂಸ್’ ಎಂಬ ಮಕ್ಕಳ ಟಿವಿ ಕಾರ್ಯಕ್ರಮದವರು ಇದನ್ನು ನಂಬಿಯೇ ಒಂದೇ ಕಂತನ್ನು ಸೋಮವಾರದಿಂದ ಶುಕ್ರವಾರದವರೆಗೆ ತೋರಿಸುತ್ತಿದ್ದರು. ಮಗು ಉತ್ತರ ಹೇಳಲಿ ಅಂತ ನಡುನಡುವೆ ಸುಮ್ಮನಾಗುತ್ತಿದ್ದರು. ಮತ್ತೆ ಮತ್ತೆ ನೋಡಿದಷ್ಟೂ ಮಕ್ಕಳು ಪರದೆಯ ಜೊತೆ ಜಾಸ್ತಿ ಮಾತಾಡುತ್ತಾರೆ ಅಂತ ಸಂಶೋಧನೆಯಲ್ಲೂ ಕಂಡುಬಂತು. ನಮ್ಮ ಕಾರ್ಟೂನುಗಳು ಹಾಗೆ ನಿಲ್ಲುವುದಿಲ್ಲ. ಅದಕ್ಕೇ ರಿಮೋಟ್.

ನಿಲ್ಲಿಸಿದಾಗ ‘ಕಳ್ಳ ಯಾರು?’ ಅಂತ ಕೇಳುವುದಿಲ್ಲ. ಕೇಳಿದರೆ ಮಗನ ಉತ್ತರ ರೆಡಿ ಇರುತ್ತೆ, ದಪ್ಪ ಮೀಸೆಯವನು! ‘ಏನು ಕಾಣಿಸ್ತಿದೆ?’ ಅಂತ ಕೇಳುತ್ತೇನೆ. ಉತ್ತರ ಬಂದ ಮೇಲೆ ‘ಹೇಗೆ ಗೊತ್ತಾಯ್ತು?’ ಒಂದು ಕಂತಿನಲ್ಲಿ ಹಳೇ ಬಂಗಲೆ, ಬಿಳಿ ದೆವ್ವ. ದೆವ್ವ ಬಾಗಿಲು ತೆಗೆದು ಓಡುವಾಗ ನಿಲ್ಲಿಸಿದೆ. ಮಗಳು ಒಂದು ಗಳಿಗೆ ನೋಡಿ, ‘ಅಮ್ಮಾ, ಆಗ ಗೋಡೆಯೊಳಗಿಂದಲೇ ಬಂತಲ್ಲ, ಈಗ್ಯಾಕೆ ಬಾಗಿಲು ಬೇಕು?’ ಅಂದಳು. ‘ಅದಕ್ಕೆ ಸುಸ್ತಾಗಿದೆ’ ಅಂದ ತಮ್ಮ. ಅದೂ ಒಂದು ಕಾರಣವೇ ಅಲ್ವಾ! ನಾನು ತಪ್ಪು ಅನ್ನಲಿಲ್ಲ, ಮುಂದೆ ನೋಡೋಣ ಅಂದೆ. ಒಂದು ಕಂತಿಗೆ ಎರಡು ಸಲಕ್ಕಿಂತ ಜಾಸ್ತಿ ನಿಲ್ಲಿಸಿದರೆ ಮಾತ್ರ ಇಬ್ಬರೂ ಸೇರಿ ಜಗಳಕ್ಕೆ ಬರುತ್ತಾರೆ.

ನನಗೆ ತುಂಬಾ ಇಷ್ಟವಾಗುವುದು ನಮಗೆ ಗೊತ್ತಿದ್ದು ಪತ್ತೇದಾರನಿಗೆ ಗೊತ್ತಿಲ್ಲದ ದೃಶ್ಯ. ಪತ್ತೇದಾರ ನಾಯಿ ಮಲಗಿದೆ. ಕಳ್ಳ ಬಂದು ಹಾರವನ್ನು ಪೆಟ್ಟಿಗೆಯಿಂದ ತೆಗೆದು ಹೂಜಿಗೆ ಹಾಕಿದ. ‘ನಾಯಿ ಎದ್ದ ಮೇಲೆ ಮೊದಲು ಎಲ್ಲಿ ನೋಡುತ್ತೆ?’ ಮಗ ಹೂಜಿ ಅಂದ. ‘ಪೆಟ್ಟಿಗೆ ಕಣೋ, ಅದು ನಿದ್ದೆ ಮಾಡ್ತಿತ್ತು’ ಅಂದಳು ಅಕ್ಕ. 1983ರಲ್ಲಿ ವಿಮ್ಮರ್ ಮತ್ತು ಪೆರ್ನರ್ ಎಂಬ ಮನಶ್ಶಾಸ್ತ್ರಜ್ಞರು ಇಂಥದ್ದೇ ಕಥೆ ಹೇಳಿ ಮಕ್ಕಳನ್ನು ಪರೀಕ್ಷಿಸಿದ್ದರು. ಅದರಲ್ಲಿ ಹುಡುಗ ಇಲ್ಲದಾಗ ಅಮ್ಮ ಚಾಕೊಲೇಟಿನ ಜಾಗ ಬದಲಿಸುತ್ತಾಳೆ. ಹುಡುಗ ಹಳೇ ಜಾಗದಲ್ಲೇ ಹುಡುಕುತ್ತಾನೆ ಅಂತ ಮೂರು ವರ್ಷದವರಿಗೆ ಸಾಮಾನ್ಯವಾಗಿ ಹೊಳೆಯುವುದಿಲ್ಲ, ನಾಲ್ಕೈದರ ಹೊತ್ತಿಗೆ ಹೊಳೆಯತೊಡಗುತ್ತೆ. ಹಾಗಾಗಿ ನಾನು ತಿದ್ದಲು ಹೋಗಲಿಲ್ಲ. ನಾಯಿ ಪೆಟ್ಟಿಗೆ ತೆಗೆದಾಗ ಮಗ ‘ಪೆದ್ದು ನಾಯಿ’ ಅಂತ ಬೈದ. ಅಕ್ಕ ಮತ್ತೆ ವಿವರಿಸಿದಳು. ಅವಳ ವಿವರಣೆ ನನ್ನದಕ್ಕಿಂತ ಚೆನ್ನಾಗಿತ್ತು.

ಅಜ್ಜಿ ಯಾವಾಗಲೂ ಕಥೆ ಅರ್ಧ ಆದ ಮೇಲೆ ಬಂದು ಕೂರುತ್ತಾರೆ. ‘ಏನಾಯ್ತೋ ಇಲ್ಲೀವರೆಗೆ?’ ಅವರಿಗೆ ನಿಜವಾಗಲೂ ಗೊತ್ತಿರಲ್ಲ. ಹಾಗಾಗಿ ಮಗ ಮೊದಲು ಏನು, ಆಮೇಲೆ ಏನು ಅಂತ ಜೋಡಿಸಲೇಬೇಕು. ಉತ್ತರ ಗೊತ್ತಿದ್ದೂ ಕೇಳುವ ನನ್ನ ಪ್ರಶ್ನೆಗೆ ಆ ಬೆಲೆ ಇಲ್ಲ.

ಎರಡರಿಂದ ನಾಲ್ಕು ವರ್ಷದವರಿಗೆ ಪರದೆ ದಿನಕ್ಕೆ ಒಂದು ಗಂಟೆ ಮೀರಬಾರದು ಅಂತ ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಹೇಳಿದೆ. ನಮ್ಮಲ್ಲಿ ಒಂದು ಕಂತು, ಅಷ್ಟೇ. ಇನ್ನು ಹೆದರಿಕೆ. ಮುಖವಾಡದ ಹಿಂದೆ ಮನುಷ್ಯ ಇದ್ದಾನೆ ಅಂತ ಬಾಯಲ್ಲಿ ಹೇಳಿದರೆ ಚಿಕ್ಕವನಿಗೆ ಸಾಲದು. ಅದಕ್ಕೆ ಹೊಸ ಕಂತಾದರೆ ಮುಖವಾಡ ಕಳಚುವ ಕೊನೇ ದೃಶ್ಯವನ್ನೇ ಮೊದಲು ಹಾಕುತ್ತೇನೆ, ಆಮೇಲೆ ಶುರುವಿನಿಂದ. ದೆವ್ವ ಬಂದಾಗ ಈಗ ಅವನು ಮುಖವಾಡದ ಹಿಂದಿರುವವನ ಹೆಸರು ಹಿಡಿದು ಕೂಗುತ್ತಾನೆ. ಸಸ್ಪೆನ್ಸ್ ಹಾಳಾಯ್ತು ಅಂತ ಗೊಣಗುವುದು ಅವರಪ್ಪ ಒಬ್ಬರೇ.