ಕತ್ತರಿ ಎಲ್ಲಿ ಹಾಕಬೇಕು: ಅಕ್ವೇರಿಯಂನ ಕಾಂಡದ ಗಿಡಗಳ ಜೊತೆ ನನ್ನ ಅನುಭವ

ನನ್ನ ಟ್ಯಾಂಕಿನ ಗಿಡಗಳಿಗೆ ಕಾರ್ಬನ್ ಡೈಆಕ್ಸೈಡ್ ಕೊಡುವ ಸಿಲಿಂಡರ್ ಇಲ್ಲ. ಸಾಧಾರಣ ಎಲ್‌ಇಡಿ ದೀಪ, ದಿನಕ್ಕೆ 7 ಗಂಟೆ ಬೆಳಕು, ಅಷ್ಟೇ. ಇಂಥ ಟ್ಯಾಂಕಿಗೆ ಕಾಂಡದ ಗಿಡ, ಅಂದರೆ ಉದ್ದ ಕಾಂಡದ ಗೆಣ್ಣು ಗೆಣ್ಣಿನಲ್ಲೂ ಎಲೆ ಬಿಡುತ್ತ ಮೇಲೇರುವ ಗಿಡ, ಆರಿಸುವಾಗ ನಾನು ಮೊದಲು ನೋಡುವುದು ಬಣ್ಣವನ್ನಲ್ಲ, ಬೆಳೆಯುವ ವೇಗವನ್ನು. ಬೇಗ ಬೆಳೆಯುವ ಗಿಡ ಸುಲಭಕ್ಕೆ ಸಾಯುವುದಿಲ್ಲ, ನಿಜ. ಆದರೆ ಅದು ವಾರ ವಾರವೂ ಕತ್ತರಿ ಕೇಳುತ್ತದೆ. ಕೆಲಸ ಕಡಿಮೆ ಇರಬೇಕು ಅನ್ನುವವರಿಗೆ ಅದು ಹೊರೆ.

ಹಾಗಂತ ಹೊಸ ಟ್ಯಾಂಕಿಗೆ ನಿಧಾನದ ಗಿಡವನ್ನಷ್ಟೇ ಹಾಕುವುದನ್ನೂ ನಾನು ಒಪ್ಪುವುದಿಲ್ಲ. ಮೊದಲ ಕೆಲವು ವಾರ ನೀರಿನಲ್ಲಿ ಅಮೋನಿಯಾ, ನೈಟ್ರೇಟ್ ಏರಿಳಿಯುತ್ತಿರುತ್ತದೆ. ಅದನ್ನು ಹೀರಿಕೊಂಡು ಪಾಚಿಯನ್ನು ಹದ್ದುಬಸ್ತಿನಲ್ಲಿಡಲು ಅಂಬುಲಿಯಾ, ವಾಟರ್ ವಿಸ್ಟೀರಿಯಾದಂಥ ಬೇಗ ಬೆಳೆಯುವ, ಹಸಿದ ಗಿಡಗಳೇ ಬೇಕು. ಅವನ್ನು ಹಿಂಬದಿ ತುಂಬ ನೆಟ್ಟು, ಟ್ಯಾಂಕ್ ನೆಲೆಗೊಂಡ ಮೇಲೆ ಒಂದೊಂದೇ ಹಿಡಿ ಕಿತ್ತು, ಆ ಜಾಗಕ್ಕೆ ಬಕೋಪಾ ಕ್ಯಾರೊಲಿನಿಯಾನಾ ಮತ್ತು ರೊಟಾಲಾ ರೊಟಂಡಿಫೋಲಿಯಾ ತಂದೆ. ಬಕೋಪಾ ನೆಟ್ಟಗೆ, ಗಟ್ಟಿಯಾಗಿ, ನಿಧಾನವಾಗಿ ಏರುತ್ತದೆ. ಅದರ ಎಲೆ ಹಿಸುಕಿದರೆ ನಿಂಬೆಯ ವಾಸನೆ ಬರುತ್ತದೆ. ರೊಟಾಲಾ ಅದಕ್ಕಿಂತ ಚುರುಕು. ಆದರೂ ಕತ್ತರಿಗೆ ಇಷ್ಟು ಚೆನ್ನಾಗಿ ಓಗೊಡುವ ಗಿಡ ನನಗೆ ಬೇರೆ ಸಿಕ್ಕಿಲ್ಲ. ಮಂದ ಬೆಳಕಿನಲ್ಲಿ ಅದು ಕೆಂಪಾಗುವುದಿಲ್ಲ, ಹಸಿರಾಗಿಯೇ ಇರುತ್ತದೆ. ನನಗೆ ಆ ಹಸಿರೇ ಸಾಕು.

ಕೊಳ್ಳುವಾಗ ಒಂದು ಮಾತು ನೆನಪಿರಲಿ. ಬಹುಪಾಲು ಗಿಡಗಳನ್ನು ನೀರಿನ ಮೇಲೆ, ತೇವದ ಗಾಳಿಯಲ್ಲಿ ಬೆಳೆಸಿರುತ್ತಾರೆ. ನೀರಿಗಿಳಿಸಿದ ಮೇಲೆ ಆ ಹಳೆಯ ಎಲೆಗಳು ಕೊಳೆತು ಉದುರುವುದುಂಟು. ರೊಟಾಲಾದ ದುಂಡನೆಯ ಎಲೆ ಹೋಗಿ, ನೀರೊಳಗೆ ಹುಟ್ಟುವ ಎಲೆ ಸಪೂರವಾಗಿ ಉದ್ದಕ್ಕೆ ಬರುತ್ತದೆ. ಗಿಡ ಸತ್ತಿತೆಂದು ಕಿತ್ತು ಬಿಸಾಡಬೇಡಿ. ಕುಡಿ ಹಸಿರಾಗಿದೆಯೇ ನೋಡಿ. ಹಸಿರಿದ್ದರೆ ಅದು ಬದುಕಿಕೊಳ್ಳುತ್ತದೆ.

ಇನ್ನು ಕತ್ತರಿಯ ವಿಷಯ. ಸೇವಂತಿಗೆಯ ಕುಡಿ ಚಿವುಟಿದರೆ ಗಿಡ ಪೊದೆಯಾಗುತ್ತದಲ್ಲ, ಇಲ್ಲಿಯೂ ಅದೇ ಲೆಕ್ಕ. ತುದಿಯ ಕುಡಿಯಲ್ಲಿ ಹುಟ್ಟುವ ಆಕ್ಸಿನ್ ಎಂಬ ಹಾರ್ಮೋನ್ ಕೆಳಗಿನ ಗೆಣ್ಣುಗಳ ಮೊಗ್ಗನ್ನು ಅದುಮಿಟ್ಟಿರುತ್ತದೆ. ಕುಡಿ ಹೋದರೆ ಆ ಹಿಡಿತ ಸಡಿಲಾಗಿ, ಕತ್ತರಿಸಿದ ಜಾಗದ ಕೆಳಗಿನ ಗೆಣ್ಣಿನಿಂದ ಒಂದರ ಬದಲು ಎರಡು ಚಿಗುರು ಹೊರಡುತ್ತವೆ. ಆದ್ದರಿಂದ ಪೊದೆ ಎಲ್ಲಿಂದ ಶುರುವಾಗಬೇಕು ಎಂದು ಮೊದಲೇ ಯೋಚಿಸಿ, ಅಲ್ಲೇ ಕತ್ತರಿಸಬೇಕು. ನೀರಿನ ಮೇಲ್ಮೈ ಮುಟ್ಟಿದ ತುದಿಯನ್ನು ಮಾತ್ರ ಸವರಿದರೆ ಮೇಲೆ ಛತ್ರಿಯಂತೆ ದಟ್ಟವಾಗಿ, ಬುಡಕ್ಕೆ ಬೆಳಕಿಲ್ಲದೆ ಕೆಳಗಿನ ಎಲೆಗಳೆಲ್ಲ ಉದುರಿ, ಬೋಳು ಕಡ್ಡಿ ಉಳಿಯುತ್ತದೆ. ನಾನು ರೊಟಾಲಾವನ್ನು ಮೊದಲ ಸಲ ನೀರಿನ ಎತ್ತರದ ಮೂರನೇ ಒಂದು ಭಾಗಕ್ಕೇ ಇಳಿಸುತ್ತೇನೆ. ಮನಸ್ಸು ಒಪ್ಪದಷ್ಟು ಕೆಳಗೆ ಅನ್ನಿಸುತ್ತದೆ, ಆದರೆ ಅಲ್ಲಿ ಎಲೆಯಿರುವ ಗೆಣ್ಣುಗಳು ಉಳಿದಿದ್ದರೆ ಭಯವಿಲ್ಲ. ಮುಂದಿನ ಸಲ ಹಳೆಯ ಗಾಯಕ್ಕಿಂತ ಒಂದೆರಡು ಗೆಣ್ಣು ಮೇಲೆ. ಕತ್ತರಿ ಹರಿತವಾಗಿರಲಿ. ಮೊಂಡು ಕತ್ತರಿ ಕಾಂಡವನ್ನು ಜಜ್ಜುತ್ತದೆ, ಜಜ್ಜಿದ ಜಾಗ ಕೊಳೆಯುತ್ತದೆ.

ಬಕೋಪಾಕ್ಕೆ ನಾನು ಬೇರೆಯೇ ಕ್ರಮ ಇಟ್ಟುಕೊಂಡಿದ್ದೇನೆ. ಇಡೀ ಕಾಂಡವನ್ನು ಕಿತ್ತು, ಬೋಳಾದ ಬುಡ ಬಿಸಾಡಿ, ಮೇಲಿನ ಚೆಂದದ ಭಾಗವನ್ನೇ ಮತ್ತೆ ನೆಡುವುದು. ಕೆಳಗಿನ ಎರಡು ಗೆಣ್ಣಿನ ಎಲೆ ಕಿತ್ತು, ಉದ್ದ ಚಿಮುಟದಲ್ಲಿ ಬುಡ ಹಿಡಿದು, ಮರಳಿನೊಳಗೆ ಓರೆಯಾಗಿ ತೂರಿಸಿ, ಚಿಮುಟವನ್ನು ಸ್ವಲ್ಪವೇ ಅಗಲಿಸಿ ಮೆಲ್ಲಗೆ ಹೊರಗೆಳೆದರೆ ಕಡ್ಡಿ ತೇಲಿ ಬರುವುದಿಲ್ಲ. ಹೂತ ಗೆಣ್ಣುಗಳಿಂದಲೇ ಬೇರು ಬರುತ್ತದೆ. ಒಂದು ಕುಳಿಯಲ್ಲಿ ಒಂದೇ ಕಡ್ಡಿ, ನಡುವೆ ಎರಡು ಬೆರಳು ಜಾಗ. ಅಂಗಡಿಯಿಂದ ಬಂದ ಕಟ್ಟನ್ನು ಹಾಗೆಯೇ ಹೂತರೆ ಒಳಗಿನ ಕಡ್ಡಿಗಳು ಉಸಿರುಗಟ್ಟುತ್ತವೆ.

ಎಲ್ಲವನ್ನೂ ಒಂದೇ ದಿನ ಕತ್ತರಿಸುವುದಿಲ್ಲ. ಈ ವಾರ ಎಡಭಾಗ, ಮುಂದಿನ ವಾರ ಬಲಭಾಗ. ಎಲೆಯ ರಾಶಿ ಒಮ್ಮೆಲೇ ಇಳಿದರೆ ಗೊಬ್ಬರ ಹೀರುವವರಿಲ್ಲದೆ ಪಾಚಿಗೆ ಹಬ್ಬವಾಗುತ್ತದೆ. ಕತ್ತರಿಸಿದ ದಿನವೇ ನೀರು ಬದಲಿಸುತ್ತೇನೆ, ತೇಲುವ ಚೂರುಗಳನ್ನು ಬಲೆಯಲ್ಲಿ ಎತ್ತುತ್ತೇನೆ, ಫಿಲ್ಟರಿನ ಬಾಯಿಯನ್ನೂ ನೋಡುತ್ತೇನೆ. ಹಳೆಯ ಎಲೆಗಳಲ್ಲಿ ಸೂಜಿ ಚುಚ್ಚಿದಂಥ ತೂತು ಕಂಡರೆ ಸಾಮಾನ್ಯವಾಗಿ ಪೊಟ್ಯಾಸಿಯಂ ಕೊರತೆ. ಹೊಸ ಕುಡಿ ಬಿಳಿಚಿದ್ದರೆ ಕಬ್ಬಿಣದ್ದು.

ಕತ್ತರಿಸಿದ ಕಡ್ಡಿಗಳನ್ನು ಕೆರೆಗೋ ಚರಂಡಿಗೋ ಎಸೆಯಲೇಬೇಡಿ. ಹೈಗ್ರೋಫಿಲಾ ಪಾಲಿಸ್ಪರ್ಮಾ ಎಂಬ ನಮ್ಮ ಕಡೆಯ ಗಿಡವೇ ಅಮೆರಿಕದ ಕಾಲುವೆಗಳಲ್ಲಿ ಹಬ್ಬಿ, ಅಲ್ಲಿನ ಕೇಂದ್ರ ಸರ್ಕಾರದ ಹಾನಿಕರ ಕಳೆಗಳ ಪಟ್ಟಿ ಸೇರಿದೆ. ಒಂದು ಗೆಣ್ಣು ಉಳಿದರೂ ಸಾಕು, ಗಿಡವಾಗುತ್ತದೆ. ನಾನು ಕಡ್ಡಿಗಳನ್ನು ಮೊದಲು ಟ್ಯಾಂಕಿನದೇ ನೀರು ತುಂಬಿದ ಬಕೆಟ್ಟಿನಲ್ಲಿ ಅದ್ದಿ ಅಲುಗಾಡಿಸುತ್ತೇನೆ. ಎಲೆಸಂದಿಯಲ್ಲಿ ಅಡಗಿದ ಸೀಗಡಿ ಮರಿಗಳು ಕೆಳಗೆ ಬೀಳುತ್ತವೆ, ಅವನ್ನು ವಾಪಸ್ ಬಿಡುತ್ತೇನೆ. ಕಡ್ಡಿಗಳು ಬಿಸಿಲಿನಲ್ಲಿ ಗರಿಗರಿಯಾಗಿ ಒಣಗಿದ ಮೇಲೆಯೇ ಗೊಬ್ಬರದ ಗುಂಡಿಗೆ.