ಆನ್‌ಲೈನ್ ಜ್ಯೂರಿಗೆ ಶೀಟಿನ ಫೋಟೊ ತೆಗೆಯುವುದು ಹೀಗೆ

ಮೂರು ರಾತ್ರಿ ನಿದ್ದೆಗೆಟ್ಟು ಬಿಡಿಸಿದ ಡ್ರಾಯಿಂಗನ್ನು ಟ್ಯೂಬ್‌ಲೈಟ್ ಕೆಳಗೆ ನೆಲದ ಮೇಲಿಟ್ಟು, ತಮ್ಮದೇ ತಲೆಯ ನೆರಳು ಬೀಳಿಸಿ ಫೋಟೊ ತೆಗೆದು ಕಳಿಸುವ ಡಿಸೈನ್ ವಿದ್ಯಾರ್ಥಿಗಳನ್ನು 2020ರ ಲಾಕ್‌ಡೌನ್‌ನಿಂದ ನೋಡುತ್ತಲೇ ಇದ್ದೇನೆ. ಸಂಕಟವಾಗುತ್ತದೆ. ಆನ್‌ಲೈನ್ ಜ್ಯೂರಿಯಲ್ಲಿ, ಅಂದರೆ ಮೇಷ್ಟ್ರು ಕೆಲಸ ನೋಡಿ ಪ್ರಶ್ನೆ ಕೇಳುವ ಮೌಲ್ಯಮಾಪನದಲ್ಲಿ, ಅವರಿಗೆ ಕಾಣುವುದು ಆ ಫೋಟೊ ಒಂದೇ ಅಲ್ವಾ?

ಮೊದಲು ಶೀಟನ್ನು ಮಾಸ್ಕಿಂಗ್ ಟೇಪಿನಿಂದ ಗೋಡೆಗೆ ಅಂಟಿಸಿ. ಸೆಲ್ಲೋಟೇಪ್ ಬೇಡ, ಕೀಳುವಾಗ ಕಾಗದ ಹರಿಯುತ್ತದೆ. ಸುರುಳಿ ಸುತ್ತಿಟ್ಟ ಶೀಟಾದರೆ ಹಿಂದಿನ ರಾತ್ರಿಯೇ ದಪ್ಪ ಪುಸ್ತಕಗಳ ಕೆಳಗಿಡಿ.

ಇನ್ನು ಬೆಳಕು. ಎಲ್ಲರೂ ಎಡವುವುದು ಇಲ್ಲೇ. ನೇರ ಬಿಸಿಲು ಬೀಳದ ದೊಡ್ಡ ಕಿಟಕಿ ಹುಡುಕಿ, ಅದರ ಬೆಳಕು ಶೀಟಿಗೆ ಪಕ್ಕದಿಂದ ಬರಲಿ. ಕೋಣೆಯ ದೀಪಗಳನ್ನೆಲ್ಲ ಆರಿಸಿ, ಎರಡು ಬಗೆಯ ಬೆಳಕು ಬೆರೆತರೆ ಶೀಟು ಅರ್ಧ ಹಳದಿ, ಅರ್ಧ ನೀಲಿಯಾಗಿ ಬರುತ್ತದೆ, ಆಮೇಲೆ ಸರಿಮಾಡುವುದು ದೊಡ್ಡ ತಲೆನೋವು. ಕಿಟಕಿಯಿಂದ ದೂರದ ಅಂಚು ಮಂಕಾಗುತ್ತದಲ್ಲ, ಆ ಕಡೆ ಒಂದು ಬಿಳಿ ಥರ್ಮಾಕೋಲ್ ಹಲಗೆ ನಿಲ್ಲಿಸಿ. ಅಷ್ಟೇ ಸಾಕು. ಆನ್‌ಲೈನಿನಲ್ಲಿ ಸಿಗುವ ಅಗ್ಗದ ರಿಂಗ್ ಲೈಟಿಗೆ ದುಡ್ಡು ಹಾಕಬೇಡಿ, ಅದು ಮುಖಕ್ಕೆ ಸರಿ, ಡ್ರಾಯಿಂಗಿಗಲ್ಲ. ಫ್ಲಾಶಂತೂ ಬೇಡವೇ ಬೇಡ. ಪೆನ್ಸಿಲಿನ ಗ್ರಾಫೈಟಿಗೆ ಹೊಳಪಿದೆ, ಎದುರಿನಿಂದ ಬೆಳಕು ಬಿದ್ದರೆ ನೀವು 6ಬಿ ಎಂಬ ಮೆತ್ತನೆಯ ಕಡುಕಪ್ಪು ಪೆನ್ಸಿಲಿನಲ್ಲಿ ಒತ್ತಿ ಒತ್ತಿ ಕಪ್ಪು ಮಾಡಿದ ಜಾಗವೇ ಬೆಳ್ಳಗೆ ಮಿಂಚುತ್ತದೆ.

ಫೋನನ್ನು ಶೀಟಿಗೆ ತೀರಾ ಹತ್ತಿರ ಹಿಡಿಯಬೇಡಿ. ಸ್ವಲ್ಪ ಹಿಂದೆ ಸರಿದು 2ಎಕ್ಸ್ ಜೂಮ್ ಇಟ್ಟುಕೊಳ್ಳಿ, ಗೆರೆಗಳು ಬಾಗುವುದು ಕಡಿಮೆಯಾಗುತ್ತದೆ. ಫೋನು ಶೀಟಿಗೆ ನೇರವಾಗಿದೆಯೇ ಎಂದು ತಿಳಿಯಲು, ಒಂದು ಪುಟ್ಟ ಕನ್ನಡಿಯನ್ನು ಶೀಟಿನ ನಡುವೆ ಚಪ್ಪಟೆಯಾಗಿ ಹಿಡಿಯಲು ಯಾರಿಗಾದರೂ ಹೇಳಿ. ಪರದೆಯ ಮಧ್ಯದಲ್ಲೇ ನಿಮ್ಮ ಲೆನ್ಸಿನ ಬಿಂಬ ಕಂಡರೆ ನೇರವಾಗಿದೆ ಎಂದರ್ಥ. ಬಿಳಿ ಕಾಗದ ಜಾಸ್ತಿ ಇದ್ದಾಗ ಕ್ಯಾಮೆರಾ ಬೆಳಕು ಹೆಚ್ಚಾಯಿತೆಂದುಕೊಂಡು ಫೋಟೊವನ್ನು ಬೂದು ಮಾಡುತ್ತದೆ, ಅದಕ್ಕೆ ಎಕ್ಸ್‌ಪೋಶರನ್ನು ಸ್ವಲ್ಪ ಏರಿಸಿ. ಕೈ ನಡುಗದಂತೆ ಟೈಮರ್ ಹಾಕಿ.

12 ಮೆಗಾಪಿಕ್ಸೆಲ್ ಫೋಟೊದಲ್ಲಿ ಎ3 ಶೀಟು ಪೂರ್ತಿ ತುಂಬಿದರೆ ಇಂಚಿಗೆ ಸುಮಾರು 240 ಪಿಕ್ಸೆಲ್ ಸಿಗುತ್ತವೆ. ಪರದೆಯಲ್ಲಿ ನೋಡಲು ಧಾರಾಳ. ಅದರ ಎರಡರಷ್ಟಿರುವ ಎ2 ಆದರೆ ಮುಖ್ಯ ಭಾಗಗಳ ಕ್ಲೋಸಪ್ ಬೇರೆಯೇ ತೆಗೆಯಿರಿ.

ಸುಮ್ನೆ ಸ್ಕ್ಯಾನರ್ ಆ್ಯಪಿನಲ್ಲಿ ಮುಗಿಸೋಣ ಅನ್ನಿಸಬಹುದು. ನೋಟ್ಸಿಗಾದರೆ ಸರಿ. ಶೇಡಿಂಗ್ ಇರುವ ಶೀಟಿಗೆ ಬೇಡ, ಹಿನ್ನೆಲೆ ಬೆಳ್ಳಗೆ ಮಾಡುವ ಭರದಲ್ಲಿ ಅವು ನವಿರಾದ ಛಾಯೆಯನ್ನೂ ಅಳಿಸಿಬಿಡುತ್ತವೆ. ಉಚಿತವಾಗಿ ಸಿಗುವ ಗಿಂಪ್ ಎಂಬ ಫೋಟೊ ತಿದ್ದುವ ಸಾಫ್ಟ್‌ವೇರ್ ತೆರೆದು ಅಂಚು ಕತ್ತರಿಸಿ, ಅದರ ಲೆವೆಲ್ಸ್ ಎಂಬ ಆಯ್ಕೆಯಲ್ಲಿ ಬಿಳುಪು ಸರಿಮಾಡಿ, ಅಲ್ಲಿಗೆ ನಿಲ್ಲಿಸಿ.

ವಾಟ್ಸಾಪಿನಲ್ಲಿ ಕಳಿಸುವುದಾದರೆ ಡಾಕ್ಯುಮೆಂಟ್ ಆಗಿ ಕಳಿಸಿ. ಫೋಟೊ ಆಗಿ ಕಳಿಸಿದರೆ ಅದು ಕುಗ್ಗುತ್ತದೆ, ತೆಳು ಗೆರೆಗಳು ಕಲಸಿಹೋಗುತ್ತವೆ.

ಜ್ಯೂರಿ ದಿನ, ನೀವು ಬಿಡಿಸುತ್ತಾ ಕೈಬಿಟ್ಟ ಸ್ಕೆಚ್‌ಗಳನ್ನೂ ಅದೇ ಫೈಲಿನಲ್ಲಿ ಸೇರಿಸಿರಿ, ನಿಮ್ಮ ಯೋಚನೆ ಹೇಗೆ ಸಾಗಿತು ಎನ್ನುವುದು ಮೇಷ್ಟ್ರಿಗೆ ಕಾಣುವುದು ಅಲ್ಲೇ. ಮೂಲ ಶೀಟು ಪಕ್ಕದಲ್ಲೇ ಇರಲಿ. 'ಈ ಜಾಯಿಂಟ್ ಹೇಗೆ ಕೂರುತ್ತದೆ?' ಎಂದು ಕೇಳಿದರೆ ಬಾಯಲ್ಲಿ ವಿವರಿಸುತ್ತಾ ಕೂರದೆ, ಆ ಮೂಲೆಯ ಕ್ಲೋಸಪ್ ತೆಗೆದು ಅಲ್ಲೇ ಕಳಿಸಿ.