ತಾಯಿಯ ವಯಸ್ಸು, ತಪ್ಪಿದ ಡೋಸ್: ಲಸಿಕೆ ರಿಜಿಸ್ಟರಿನಲ್ಲಿ ನಾನು ಹುಡುಕಿದ್ದು, ಕಂಡದ್ದು

ಮಕ್ಕಳ ಲಸಿಕಾ ಕೇಂದ್ರವೊಂದರಲ್ಲಿ ನಾನು ವೈದ್ಯೆ. ಲಸಿಕೆ ತಪ್ಪಿಸುವವರೆಲ್ಲ ಹೆಚ್ಚಾಗಿ ಚಿಕ್ಕ ವಯಸ್ಸಿನ ತಾಯಂದಿರೇ ಎಂಬ ಮಾತು ನಮ್ಮಲ್ಲಿ ಯಾರೂ ಪ್ರಶ್ನಿಸದೆ ಬಹಳ ಕಾಲದಿಂದ ಓಡಾಡಿಕೊಂಡಿತ್ತು, ಮತ್ತು ಅದನ್ನು ಓಡಾಡಿಸಿದವರಲ್ಲಿ ನಾನೂ ಒಬ್ಬಳು. ತಡವಾಗಿ ಬಂದ ತಾಯಿಗೆ ಹತ್ತೊಂಬತ್ತೋ ಇಪ್ಪತ್ತೋ ಆಗಿದ್ದರೆ ‘ನೋಡಿ, ನಾನು ಹೇಳಲಿಲ್ಲವೇ’ ಎಂದುಕೊಳ್ಳುತ್ತಿದ್ದೆವು. ಅದೇ ತಡವನ್ನು ಮೂವತ್ತೆಂಟರ ತಾಯಿ ಮಾಡಿದರೆ ಆಕೆಗೆ ಏನೋ ತೊಂದರೆ ಆಗಿರಬೇಕು ಎಂದು ನಾವೇ ಕಾರಣ ಹುಡುಕಿಕೊಡುತ್ತಿದ್ದೆವು. ಒಂದೇ ತಪ್ಪಿಗೆ ಎರಡು ತೀರ್ಪು ಕೊಡುತ್ತಿದ್ದೇವೆ ಎಂಬುದು ಹೊಳೆದ ದಿನ ರಿಜಿಸ್ಟರನ್ನು ಮೇಜಿನ ಮೇಲೆ ಹರಡಿಕೊಂಡು ಕುಳಿತೆ.

ಮೊದಲು ಅಳತೆಗೋಲನ್ನು ನಿಶ್ಚಯಿಸಿಕೊಳ್ಳಬೇಕಿತ್ತು. ಅನೇಕ ದೇಶಗಳಲ್ಲಿರುವಂತೆ ನಮ್ಮ ವೇಳಾಪಟ್ಟಿಯಲ್ಲೂ ಹುಟ್ಟಿದ ಕೂಡಲೇ ಕ್ಷಯರೋಗದ ವಿರುದ್ಧದ ಬಿಸಿಜಿ, ಆಮೇಲೆ 6, 10 ಮತ್ತು 14ನೆಯ ವಾರಗಳಲ್ಲಿ ಪೆಂಟಾವೇಲೆಂಟ್ (ಡಿಫ್ತೀರಿಯಾ, ನಾಯಿಕೆಮ್ಮು, ಧನುರ್ವಾಯು ಸೇರಿ ಐದು ರೋಗಗಳ ವಿರುದ್ಧದ ಒಂದೇ ಲಸಿಕೆ), 9 ತಿಂಗಳು ತುಂಬಿದ ಮೇಲೆ ದಡಾರದ ಮೊದಲ ಡೋಸ್ ಇದೆ. ಈ ಪೈಕಿ ಡಿಫ್ತೀರಿಯಾ, ನಾಯಿಕೆಮ್ಮು, ಧನುರ್ವಾಯು ವಿರುದ್ಧದ ಮೊದಲ ಡೋಸನ್ನೂ ಪಡೆಯದ ಮಗುವನ್ನು ‘ಶೂನ್ಯ ಡೋಸ್’ ಮಗು ಎನ್ನುತ್ತಾರೆ; ವಿಶ್ವ ಆರೋಗ್ಯ ಸಂಸ್ಥೆ ಮತ್ತು ಯುನಿಸೆಫ್‌ನ ಅಂದಾಜಿನಂತೆ 2023ರಲ್ಲಿ ಜಗತ್ತಿನಲ್ಲಿ ಅಂಥ ಮಕ್ಕಳು ಸುಮಾರು 1 ಕೋಟಿ 45 ಲಕ್ಷ. ಮೊದಲ ಡೋಸೇ ಸಿಗದಿದ್ದರೆ ಸೇವೆ ಮನೆಯವರೆಗೆ ತಲುಪಿಲ್ಲವೆಂದೂ, ಮೊದಲನೆಯದನ್ನು ಪಡೆದ ಮಗು ಮೂರನೆಯದಕ್ಕೆ ಬಾರದಿದ್ದರೆ ಬಂದವರನ್ನು ನಾವು ಉಳಿಸಿಕೊಳ್ಳಲಿಲ್ಲವೆಂದೂ ಸ್ಥೂಲವಾಗಿ ಓದಿಕೊಳ್ಳುವುದು ವಾಡಿಕೆ. ಮೊದಲಿನಿಂದ ಮೂರನೆಯದಕ್ಕೆ ಬರುವಷ್ಟರಲ್ಲಿ ಶೇಕಡ 10ಕ್ಕಿಂತ ಹೆಚ್ಚು ಮಕ್ಕಳು ಕಳಚಿಕೊಂಡರೆ ಅದನ್ನು ಎಚ್ಚರಿಕೆಯ ಗಂಟೆಯೆಂದೇ ತಿಳಿಯಬೇಕು. ಆದ್ದರಿಂದ ‘ಲಸಿಕೆ ಆಗಿದೆ, ಆಗಿಲ್ಲ’ ಎಂದು ಎರಡೇ ಗುಂಪು ಮಾಡದೆ, ಮಗು ಯಾವ ಮೆಟ್ಟಿಲಿನಲ್ಲಿ ನಿಂತಿತು ಎಂಬುದನ್ನು ಬರೆದುಕೊಳ್ಳತೊಡಗಿದೆ.

ಮೊದಲ ಎಣಿಕೆಯಲ್ಲಿ ನಮ್ಮ ನಂಬಿಕೆಯೇ ಗೆದ್ದಂತೆ ಕಂಡಿತು. ಚಿಕ್ಕ ವಯಸ್ಸಿನ ತಾಯಂದಿರ ಮಕ್ಕಳು ಬಹಳ ಹಿಂದುಳಿದಿದ್ದರು. ಸಹೋದ್ಯೋಗಿಗಳಿಗೆ ತೋರಿಸಿದೆ, ಎಲ್ಲರೂ ತಲೆದೂಗಿದರು. ಎರಡು ದಿನದ ಮೇಲೆ, ಬೇರೇನನ್ನೋ ಹುಡುಕುತ್ತಿದ್ದಾಗ, ನಾನು ಮಾಡಿದ ಎಡವಟ್ಟು ಕಣ್ಣಿಗೆ ಬಿತ್ತು. ತಾಯಿಯ ವಯಸ್ಸೆಂದು ನಾನು ತೆಗೆದುಕೊಂಡಿದ್ದು ಆಕೆಯ ಇಂದಿನ ವಯಸ್ಸನ್ನು. ಇಂದು ಹತ್ತೊಂಬತ್ತಾಗಿರುವವಳ ಮಗು ಎಳೆಯದಾಗಿರುವುದೇ ಹೆಚ್ಚು. ನಾಲ್ಕು ತಿಂಗಳ ಆ ಕೂಸಿಗೆ ದಡಾರದ ಲಸಿಕೆಯ ಸಮಯವೇ ಬಂದಿರುವುದಿಲ್ಲ. ಸಮಯ ಬಾರದ ಡೋಸನ್ನು ನಾನು ತಪ್ಪಿದ ಡೋಸೆಂದು ಆ ತಾಯಿಯ ಲೆಕ್ಕಕ್ಕೆ ಬರೆದಿದ್ದೆ. ದೊಡ್ಡ ಮನೆಮನೆ ಸಮೀಕ್ಷೆಗಳಲ್ಲಿ 12ರಿಂದ 23 ತಿಂಗಳ ಮಕ್ಕಳನ್ನಷ್ಟೇ ಎಣಿಸುವ ಪದ್ಧತಿ ಏಕಿದೆ ಎಂಬುದು ಅಲ್ಲಿಯವರೆಗೆ ನನಗೆ ಪುಸ್ತಕದ ಮಾತಾಗಿತ್ತು. ವರ್ಷ ತುಂಬಿದ ಮಕ್ಕಳನ್ನು ಮಾತ್ರ ಉಳಿಸಿಕೊಂಡು, ಪ್ರತಿ ಮಗುವಿನ ಜನ್ಮದಿನದಿಂದ ಹಿಂದಕ್ಕೆ ಲೆಕ್ಕ ಹಾಕಿ, ಹೆರಿಗೆಯ ಸಮಯದಲ್ಲಿ ತಾಯಿಗೆ ಎಷ್ಟಾಗಿತ್ತು ಎಂಬುದನ್ನು ಬರೆದು ಮತ್ತೆ ಎಣಿಸಿದಾಗ ಅಂತರ ಉಳಿಯಿತು, ಆದರೆ ಬಹಳಷ್ಟು ತಗ್ಗಿತು.

ಆ ವಯಸ್ಸುಗಳಾದರೂ ನಂಬುವಂಥವೇ ಎಂದರೆ, ಅದೂ ಇಲ್ಲ. ರಿಜಿಸ್ಟರಿನಲ್ಲಿ 20, 25, 30, 35 ಎಂಬ ದುಂಡು ಅಂಕಿಗಳು ತುಂಬಿದ್ದವು. 23 ಅಥವಾ 31 ಅಪರೂಪಕ್ಕೊಮ್ಮೆ. ಕೇಳುವವರಿಗೆ ಅವಸರ, ಹೇಳುವವರಿಗೆ ಅಂದಾಜು. ವಿವಾಹದ ಕಾನೂನಿಗೆ ಅಂಜಿ ವಯಸ್ಸನ್ನು ಏರಿಸಿ ಹೇಳುವವರೂ ಇರುತ್ತಾರೆ. ಜನ್ಮದಿನಾಂಕದ ದಾಖಲೆ ಸಿಕ್ಕಲ್ಲಿ ತಿದ್ದಿದೆ. ಸಿಗದಿದ್ದಲ್ಲಿ ಒಂದೊಂದು ವರ್ಷದ ಲೆಕ್ಕಕ್ಕೆ ಇಳಿಯದೆ, 20ಕ್ಕಿಂತ ಕಡಿಮೆ, 20ರಿಂದ 34, 35 ಮತ್ತು ಮೇಲ್ಪಟ್ಟು ಎಂಬ ಮೂರು ಅಗಲವಾದ ಗುಂಪುಗಳಲ್ಲಿ ತೃಪ್ತಿಪಟ್ಟುಕೊಂಡೆ.

ಮೂರನೆಯ ಗುಂಪು ನನ್ನನ್ನು ದಾರಿ ತಪ್ಪಿಸಲಿತ್ತು. ಮೂವತ್ತೈದು ದಾಟಿದ ತಾಯಂದಿರ ಮಕ್ಕಳ ಸರಾಸರಿ ನಡುವಿನ ಗುಂಪಿನವರಷ್ಟೇ ಚೆನ್ನಾಗಿತ್ತು. ಅಲ್ಲಿಗೇ ನಿಲ್ಲಿಸಿದ್ದರೆ ವಯಸ್ಸು ಹೆಚ್ಚಿದಂತೆ ಜವಾಬ್ದಾರಿಯೂ ಹೆಚ್ಚುತ್ತದೆ ಎಂದು ಬರೆದು ಮುಗಿಸುತ್ತಿದ್ದೆ. ಅಂಕಿಅಂಶಗಳಲ್ಲಿ ಪಳಗಿದ ಗೆಳತಿಯೊಬ್ಬಳು ಪಟ್ಟಿಯನ್ನು ನೋಡಿ ‘ಇದು ಎಷ್ಟನೆಯ ಮಗು ಎಂಬುದೆಲ್ಲಿ?’ ಎಂದಳು. ಆ ಒಂದು ಅಂಕಣ ಸೇರಿಸಿದ ಕೂಡಲೇ ಗುಂಪು ಎರಡಾಗಿ ಸೀಳಿತು. ಬಹಳ ಕಾದು ಮೊದಲ ಮಗುವನ್ನು ಪಡೆದ ಮೂವತ್ತಾರರ ತಾಯಿ ಒಂದು ದಿನವೂ ತಪ್ಪಿಸುತ್ತಿರಲಿಲ್ಲ. ಅದೇ ವಯಸ್ಸಿನ, ಐದನೆಯ ಮಗುವಿನ ತಾಯಿ 14ನೆಯ ವಾರದ ನಂತರ ಕಾಣೆಯಾಗುತ್ತಿದ್ದಳು. ಒಬ್ಬಳ ಶಿಸ್ತು ಇನ್ನೊಬ್ಬಳ ಗೈರುಹಾಜರಿಯನ್ನು ಸರಾಸರಿಯಲ್ಲಿ ಮುಚ್ಚಿಹಾಕಿತ್ತು. ತಾಯಿಯ ವಯಸ್ಸು ಒಂಟಿಯಾಗಿ ಬರುವುದಿಲ್ಲ. ಮಕ್ಕಳ ಸಂಖ್ಯೆ, ಓದು, ಗರ್ಭಿಣಿಯಾಗಿದ್ದಾಗ ತಪಾಸಣೆಗೆ ಹೋದ ರೂಢಿ, ಹೆರಿಗೆ ಆಸ್ಪತ್ರೆಯಲ್ಲಾಯಿತೇ ಮನೆಯಲ್ಲಾಯಿತೇ ಎಂಬುದು, ಕೈಯಲ್ಲಿರುವ ಹಣ, ಇವೆಲ್ಲ ಅದರ ಸೆರಗು ಹಿಡಿದೇ ಬರುತ್ತವೆ. ಇವನ್ನು ಬಿಡಿಸದೆ ವಯಸ್ಸಿನ ಮೇಲೆ ತಪ್ಪು ಹೊರಿಸುವುದು ಸುಲಭ, ಅಷ್ಟೆ.

ಇಷ್ಟಾದ ಮೇಲೆ ಅಂಕಿಗಳನ್ನು ಬದಿಗಿಟ್ಟು ತಾಯಂದಿರನ್ನೇ ಕೇಳತೊಡಗಿದೆ, ಮತ್ತು ಅದನ್ನು ಎಷ್ಟೋ ಮೊದಲೇ ಮಾಡಬೇಕಿತ್ತು.

ಇಪ್ಪತ್ತರೊಳಗಿನ, ಮೊದಲ ಮಗುವಿನ ತಾಯಂದಿರು ಹೆಚ್ಚಾಗಿ ಕಳಚಿಕೊಳ್ಳುತ್ತಿದ್ದುದು 6ನೆಯ ವಾರ ಮತ್ತು 10ನೆಯ ವಾರದ ನಡುವೆ. ಹತ್ತೊಂಬತ್ತು ವರ್ಷದ ಒಬ್ಬಾಕೆ ಐದು ತಿಂಗಳ ಮಗುವನ್ನು ಕೆಮ್ಮಿಗೆಂದು ಕರೆತಂದಿದ್ದಳು. ಪೆಂಟಾವೇಲೆಂಟ್ ಒಂದೇ ಡೋಸ್ ಆಗಿತ್ತು. ಏಕೆ ಬರಲಿಲ್ಲವೆಂದು ಕೇಳಿದಾಗ ಉತ್ತರಿಸದೆ ಮಗುವಿನ ಅಂಗಿಯ ತೋಳನ್ನು ಮೇಲಕ್ಕೆ ಸರಿಸಿ, ಭುಜದ ಕೆಳಗಿನ ಚಿಕ್ಕ ಗುಂಡನೆಯ ಕಲೆಯನ್ನು ಬೆರಳಿನಿಂದ ತೋರಿಸಿದಳು. ಅಲ್ಲಿ ಗುಳ್ಳೆ ಎದ್ದಿತ್ತು, ಕೀವಾಯಿತು, ಒಡೆಯಿತು, ಸೂಜಿಯಿಂದ ನಂಜಾಗಿದೆ ಎಂದು ಮನೆಯವರೆಲ್ಲ ಹೆದರಿದರು, ಆಮೇಲೆ ಇನ್ನೊಂದು ಸೂಜಿ ಚುಚ್ಚಿಸಲು ಆಕೆಗೆ ಧೈರ್ಯ ಬರಲಿಲ್ಲ. ಅದು ಬಿಸಿಜಿಯ ಗುರುತು. ಲಸಿಕೆ ಕೊಟ್ಟ ಕೆಲವು ವಾರಗಳ ಮೇಲೆ ಆ ಜಾಗದಲ್ಲಿ ಗುಳ್ಳೆಯೆದ್ದು, ಒಡೆದು, ತಾನಾಗಿಯೇ ಮಾಗಿ ಕಲೆ ಉಳಿಯುವುದು ಸಹಜ ಕ್ರಮ. ಅದಕ್ಕೆ ಮುಲಾಮೂ ಬೇಡ, ಪಟ್ಟಿಯೂ ಬೇಡ. ನಾಲ್ಕನೆಯ ಮಗುವಿನ ತಾಯಿಗೆ ಇದು ಕಂಡು ಗೊತ್ತಿರುವ ಸಂಗತಿ. ಮೊದಲ ಮಗುವಿನ ತಾಯಿಗೆ ಗೊತ್ತಾಗುವ ಬಗೆ ಹೇಗೆ? ನಾವು ಹೇಳಿದರೆ ತಾನೇ. ಹೆರಿಗೆಯಾಗಿ ಒಂದು ದಿನವೂ ಕಳೆಯದ ತಾಯಿಗೆ ಹತ್ತು ಸೂಚನೆಗಳ ನಡುವೆ ಇದನ್ನೂ ಸೇರಿಸಿ ಒದರಿದರೆ ಅದನ್ನು ಹೇಳಿದ್ದೆಂದು ನಾನು ಎಣಿಸುವುದಿಲ್ಲ.

ಪೆಂಟಾವೇಲೆಂಟ್ ಕೊಟ್ಟ ರಾತ್ರಿಯ ಜ್ವರದ ಕಥೆಯೂ ಹೀಗೆಯೇ. ಒಂದೆರಡು ದಿನ ಮೈ ಬಿಸಿಯಾಗುವುದು, ತೊಡೆಯಲ್ಲಿ ಊತ, ಬಿಡದ ಅಳು. ಅನುಭವಸ್ಥ ತಾಯಿ ಬೆಳಗಾಗುವುದನ್ನು ಕಾಯುತ್ತಾಳೆ. ಮೊದಲ ಸಲದವಳನ್ನು ಮನೆಯ ಹಿರಿಯರು ‘ಚೆನ್ನಾಗಿದ್ದ ಮಗುವಿಗೆ ಏನು ಮಾಡಿಸಿಕೊಂಡು ಬಂದೆ’ ಎಂದು ಕೇಳುತ್ತಾರೆ. ಆ ಪ್ರಶ್ನೆಗೆ ಉತ್ತರ ಕೊಡುವ ಬಲವನ್ನು ನಾವು ಆಕೆಯ ಕೈಗೆ ಕೊಟ್ಟು ಕಳುಹಿಸಿರುವುದಿಲ್ಲ.

ಇಲ್ಲಿ ನಮ್ಮ ಸ್ವಂತ ತಪ್ಪನ್ನೂ ಹೇಳಲೇಬೇಕು. ಚಿಕ್ಕ ವಯಸ್ಸಿನ ತಾಯಂದಿರನ್ನು ನಾವು ಹೆಚ್ಚು ಗದರಿಸುತ್ತೇವೆ. ನಲವತ್ತರ ಹೆಂಗಸಿಗೆ ‘ಮುಂದಿನ ಸಲ ತಡ ಮಾಡಬೇಡಿ’ ಎನ್ನುವ ಬಾಯಿಯೇ ಹದಿನೆಂಟರವಳಿಗೆ ‘ನಿನಗೇ ಇನ್ನೂ ಬುದ್ಧಿ ಬಂದಿಲ್ಲ, ಮಗು ಬೇರೆ’ ಎನ್ನುವುದನ್ನು ನನ್ನ ಕಿವಿಯಾರೆ ಕೇಳಿದ್ದೇನೆ. ಒಮ್ಮೆ ಆ ಬಾಯಿ ನನ್ನದೇ ಆಗಿತ್ತು. ತಡವಾದರೆ ಬೈಗುಳ ಎಂದು ಗೊತ್ತಾದ ಮೇಲೆ, ತಡವಾದವಳು ಬರುವುದನ್ನೇ ನಿಲ್ಲಿಸುತ್ತಾಳೆ. ತಡವಾದ ಮಾತ್ರಕ್ಕೆ ಮೊದಲಿನಿಂದ ಶುರು ಮಾಡಬೇಕಿಲ್ಲ, ನಿಂತ ಕಡೆಯಿಂದಲೇ ಮುಂದುವರಿಸಿದರಾಯಿತು, ಪೆಂಟಾವೇಲೆಂಟ್ ಡೋಸುಗಳ ನಡುವೆ ಕನಿಷ್ಠ ನಾಲ್ಕು ವಾರಗಳ ಅಂತರವಿದ್ದರೆ ಸಾಕು ಎಂಬುದನ್ನು ಆ ಗದರಿಕೆಯ ಬದಲು ಹೇಳಬಹುದಿತ್ತು. ಹಿರಿಯರ ಜೊತೆ ಬಂದ ಎಳೆಯ ತಾಯಿಯೊಂದಿಗೆ ಮಾತಾಡುವಾಗ ನಾನು ಹಿರಿಯರನ್ನೇ ನೋಡಿ ಮಾತಾಡುತ್ತಿದ್ದೆ ಎಂಬುದೂ ತಡವಾಗಿ ಗಮನಕ್ಕೆ ಬಂತು. ಕುರ್ಚಿಯನ್ನು ಸ್ವಲ್ಪ ತಿರುಗಿಸಿ ತಾಯಿಯ ಎದುರಿಗೆ ಕೂರತೊಡಗಿದೆ. ಹಿರಿಯರನ್ನು ಬಿಟ್ಟುಬಿಡುವುದೂ ಸರಿಯಲ್ಲ, ಏಕೆಂದರೆ ಅನೇಕ ಮನೆಗಳಲ್ಲಿ ಮಗು ಹೊರಡುವುದು ಅವರು ಹೂಂ ಅಂದ ಮೇಲೆಯೇ. ಆದರೆ ರಾತ್ರಿ ಎದ್ದು ಹಣೆ ಮುಟ್ಟಿ ನೋಡುವವಳಿಗೆ ಮೊದಲು ತಿಳಿಯಬೇಕು.

ಹಲವು ಮಕ್ಕಳ ತಾಯಂದಿರದು ಬೇರೆಯೇ ಸಮಸ್ಯೆ. ಅವರಿಗೆ ಭಯವಿಲ್ಲ, ಸಮಯವಿಲ್ಲ. ಎಳೆಯ ಮಗುವಿಗೆ 9 ತಿಂಗಳಾಗುವ ಹೊತ್ತಿಗೆ ಮನೆಯಲ್ಲಿ ಇನ್ನೊಂದಕ್ಕೆ ಜ್ವರ, ಮತ್ತೊಂದಕ್ಕೆ ಶಾಲೆ. 14ನೆಯ ವಾರದಿಂದ 9ನೆಯ ತಿಂಗಳವರೆಗಿನ ಆ ಉದ್ದನೆಯ ಬಿಡುವಿನಲ್ಲಿ ಲಸಿಕೆಯೇ ಮರೆತುಹೋಗುತ್ತದೆ. ಮೂವತ್ತೊಂಬತ್ತರ ಒಬ್ಬ ತಾಯಿ ‘ಇದಕ್ಕೆ ಎಲ್ಲ ಆಗಿದೆ’ ಎಂದು ಖಂಡಿತವಾಗಿ ಹೇಳಿ, ಮಡಿಸಿ ಮಡಿಸಿ ಮೆತ್ತಗಾದ ಕಾರ್ಡೊಂದನ್ನು ಬಿಡಿಸಿಟ್ಟಳು. ದಡಾರದ ಮನೆಯಲ್ಲಿ ಸಹಿಯೂ ಇತ್ತು, ದಿನಾಂಕವೂ ಇತ್ತು. ಆ ದಿನಾಂಕ ಎದುರಿಗಿದ್ದ ಮಗು ಹುಟ್ಟುವುದಕ್ಕಿಂತ ಹಿಂದಿನದು. ಅಕ್ಕನ ಕಾರ್ಡಿನಲ್ಲೇ ತಂಗಿಯ ಮೊದಲ ಎರಡು ಡೋಸುಗಳನ್ನು ಯಾರೋ ಪೆನ್ಸಿಲ್ಲಿನಲ್ಲಿ ಅಂಚಿಗೆ ಬರೆದಿದ್ದರು. ಆಕೆ ಸುಳ್ಳು ಹೇಳಿರಲಿಲ್ಲ. ನಾಲ್ಕು ಮಕ್ಕಳ ಡೋಸುಗಳು ನೆನಪಿನಲ್ಲಿ ಒಂದರೊಳಗೊಂದು ಬೆರೆತಿದ್ದವು. ಕಾರ್ಡಿಲ್ಲದಾಗ ತಾಯಿಯ ನೆನಪನ್ನೇ ದಾಖಲೆಯಾಗಿ ಸ್ವೀಕರಿಸುವ ಸಮೀಕ್ಷೆಗಳಲ್ಲಿ ಇಂಥ ಹೆಂಗಸಿನ ಮಗು ಯಾವ ಪಟ್ಟಿಗೆ ಸೇರುತ್ತದೆ ಎಂದು ಯೋಚಿಸಿ, ಬಾಯಿಮಾತಿನ ಆಧಾರದ ದಾಖಲೆಗಳನ್ನು ನನ್ನ ಲೆಕ್ಕದಲ್ಲಿ ಪ್ರತ್ಯೇಕವಾಗಿಯೇ ಇಟ್ಟೆ.

ವಯಸ್ಸಿನ ಎರಡು ತುದಿಗಳೂ ಒಂದಾಗುವ ಜಾಗವೊಂದಿದೆ. ಹದಿಹರೆಯದ ಮತ್ತು ಮೂವತ್ತೈದು ದಾಟಿದ ತಾಯಂದಿರಲ್ಲಿ ಅವಧಿಗೆ ಮುನ್ನ ಹೆರಿಗೆಯಾಗುವ ಸಾಧ್ಯತೆ ಹೆಚ್ಚು. ಮಗು ಚಿಕ್ಕದೆಂದು ಮನೆಯವರು ಲಸಿಕೆಯನ್ನು ಮುಂದೂಡುತ್ತಾರೆ, ಕೆಲವೊಮ್ಮೆ ವೈದ್ಯರೇ ಮುಂದೂಡುತ್ತಾರೆ. ಮಗು ಸ್ಥಿರವಾಗಿದ್ದರೆ, ಹುಟ್ಟಿದ ದಿನದಿಂದ ಎಣಿಸಿ ಸಾಮಾನ್ಯ ವೇಳಾಪಟ್ಟಿಯನ್ನೇ ಅನುಸರಿಸಬೇಕು; ಹೆರಿಗೆಯ ನಿರೀಕ್ಷಿತ ದಿನದಿಂದ ಎಣಿಸುವುದಲ್ಲ. ನಾಯಿಕೆಮ್ಮು ಅತಿ ಹೆಚ್ಚು ಕೊಲ್ಲುವುದು ಮೊದಲ ಕೆಲವೇ ತಿಂಗಳುಗಳಲ್ಲಿ, ಅದರಲ್ಲೂ ಬೇಗ ಹುಟ್ಟಿದ ಕೂಸುಗಳನ್ನು. ದಡಾರದ ವಿಷಯದಲ್ಲಿ ಇನ್ನೊಂದು ಸೂಕ್ಷ್ಮವಿದೆ. ಸ್ವತಃ ದಡಾರ ಬಂದು ಹೋದ ತಾಯಿಯಿಂದ ಮಗುವಿಗೆ ಹೆಚ್ಚು ಪ್ರತಿಕಾಯಗಳು ಸಿಗುತ್ತವೆ. ಲಸಿಕೆಯಿಂದ ರಕ್ಷಣೆ ಪಡೆದ ತಾಯಿಯಿಂದ ಕಡಿಮೆ, ಮತ್ತು ಅವು ಬೇಗ ಕರಗುತ್ತವೆ. ಈಗಿನ ಎಳೆಯ ತಾಯಂದಿರಲ್ಲಿ ಹೆಚ್ಚಿನವರು ಲಸಿಕೆಯ ಕಾಲದಲ್ಲಿ ಹುಟ್ಟಿದವರಾದ್ದರಿಂದ, 9ನೆಯ ತಿಂಗಳ ಡೋಸ್ ತಡವಾದಷ್ಟೂ ಅವರ ಮಕ್ಕಳು ಬರಿಗೈಯಲ್ಲಿ ಇರುವ ಕಾಲ ಉದ್ದವಾಗುತ್ತದೆ.

ಈಗ ನಮ್ಮ ರಿಜಿಸ್ಟರಿನಲ್ಲಿ ಮೂರು ಹೊಸ ಅಂಕಣಗಳಿವೆ: ಹೆರಿಗೆಯಾದಾಗ ತಾಯಿಯ ವಯಸ್ಸು, ಎಷ್ಟನೆಯ ಮಗು, ಮುಂದಿನ ಸಲ ಮಗುವನ್ನು ಯಾರು ಕರೆತರುತ್ತಾರೆ. ಮೊದಲ ಮಗುವಿನ ತಾಯಿಗೆ, ಆಕೆಗೆ ಹದಿನೆಂಟಿರಲಿ ಮೂವತ್ತೆಂಟಿರಲಿ, ಬಿಸಿಜಿಯ ಗುಳ್ಳೆ ಮತ್ತು ರಾತ್ರಿಯ ಜ್ವರದ ಬಗ್ಗೆ 6ನೆಯ ವಾರದ ಭೇಟಿಯಲ್ಲಿ ಕೂರಿಸಿ ಹೇಳುತ್ತೇವೆ. ಮೂರು ಅಥವಾ ಹೆಚ್ಚು ಮಕ್ಕಳ ತಾಯಿಗೆ ಆ ಪಾಠ ಬೇಡ. 9ನೆಯ ತಿಂಗಳಿಗೆ ಒಂದು ವಾರ ಮೊದಲು ಫೋನ್ ಮಾಡುತ್ತೇವೆ, ಮತ್ತು ಪ್ರತಿ ಮಗುವಿನ ಕಾರ್ಡಿನ ಮೇಲೆ ಆ ಮಗುವಿನ ಹೆಸರನ್ನು ದಪ್ಪ ಅಕ್ಷರದಲ್ಲಿ ಬರೆದುಕೊಡುತ್ತೇವೆ. ಇದರಿಂದ ಎಷ್ಟು ಬದಲಾಯಿತೆಂದು ಹೇಳಲು ಒಂದು ಕೇಂದ್ರದ ಲೆಕ್ಕ ಸಾಲದು. ಮೂರನೆಯ ಅಂಕಣವನ್ನು ನಾನು ಅರೆಮನಸ್ಸಿನಿಂದಲೇ ಸೇರಿಸಿದ್ದು, ಆದರೆ ಸಿಬ್ಬಂದಿ ಈಗ ಮೊದಲು ನೋಡುವುದು ಅದನ್ನೇ. ಹದಿನೆಂಟು ವರ್ಷದ ಒಬ್ಬಳ ಹೆಸರಿನ ಮುಂದೆ ಕಳೆದ ವಾರ ‘ಗೊತ್ತಿಲ್ಲ, ಪರೀಕ್ಷೆ ಇದೆ’ ಎಂದು ಬರೆದಿತ್ತು. 10ನೆಯ ವಾರದ ಡೋಸನ್ನು ಆಕೆಯ ಪರೀಕ್ಷೆ ಮುಗಿಯುವ ಮರುದಿನದ ಬೆಳಿಗ್ಗೆಗೆ ಬರೆದಿಟ್ಟಿದ್ದೇವೆ. ಮೂರು ದಿನ ತಡ, ಅಷ್ಟೆ.